ಬೇ ಜೇರ್ ಬಿ, ಬ ಗುಡಿಸು ಬಿ

ನಮ್ಮ ಮೊಹಲ್ಲಾದಲ್ಲಿ ಓದು ಬಾರದ ಹೆಂಗಸರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ, ಯಾವ ಓದು ಎಂದು ನಾನು ತಿರುಗಿ ಕೇಳುತ್ತೇನೆ. ಫಜ್ರ್ ನಮಾಜಿನ ಹೊತ್ತು ಕಳೆದ ಮೇಲೆ ನಮ್ಮ ಗಲ್ಲಿಯಲ್ಲಿ ನಡೆದುಹೋದರೆ ಅನೇಕ ಮನೆಗಳಿಂದ ಹೆಂಗಸರು ಕುರ್‌ಆನ್ ಓದುವ ದನಿ ಕೇಳಿಸುತ್ತದೆ. ಅದೇ ಹೆಂಗಸರಿಗೆ ಬಸ್ಸಿನ ಬೋರ್ಡು ಓದಲು ಬಾರದು. ಆಸ್ಪತ್ರೆಯ ಚೀಟಿ ಹಿಡಿದು ಅವರು ಪಕ್ಕದ ಮನೆಯ ಶಾಲೆಯ ಹುಡುಗನನ್ನು ಹುಡುಕಬೇಕು.

ಸರ್ಕಾರದ ಲೆಕ್ಕದಲ್ಲಿ ಇವರೆಲ್ಲ ಅನಕ್ಷರಸ್ಥರು. ಏಳು ವರ್ಷ ತುಂಬಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು ಮತ್ತು ಬರೆಯಲು ಬಲ್ಲವರೇ ಅಕ್ಷರಸ್ಥರು ಎನ್ನುತ್ತದೆ ಜನಗಣತಿ. ಇವರಿಗೆ ಅರಬಿಯ ಅರ್ಥ ತಿಳಿಯದು, ಬರೆಯುವ ಅಭ್ಯಾಸವೂ ಇಲ್ಲ. ಆದ್ದರಿಂದ ಸರ್ಕಾರ ಹೇಳುವುದು ಸುಳ್ಳಲ್ಲ. 2001ರ ಜನಗಣತಿಯಲ್ಲಿ ದೇಶದ ಮುಸ್ಲಿಮ್ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಐವತ್ತರಷ್ಟು ಮಾತ್ರ. ಆದರೆ ಅನಕ್ಷರಸ್ಥೆ ಎಂದರೆ ಅಕ್ಷರದ ಗಂಧವೇ ಇಲ್ಲದವಳು ಎಂದುಕೊಂಡು ಕಲಿಸಲು ಕೂತರೆ ಪಾಠ ಅಲ್ಲೇ ಕೆಡುತ್ತದೆ.

ನಾನು ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದವಳು. ಕಥೆ ಬರೆಯುವುದು ಕನ್ನಡದಲ್ಲಿ. ಮೂರು ವರ್ಷಗಳಿಂದ ಮಗ್ರಿಬ್ ಆದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಂಟೆ ಅಕ್ಷರದ ಪಾಠ ನಡೆಯುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳು ಹೇಗೋ, ನಮ್ಮಂಥ ಮೊಹಲ್ಲಾಗಳಲ್ಲಿ ಬೀಡಿಯೂ ಹಾಗೆ. ಬರುವ ಹತ್ತು ಹನ್ನೆರಡು ಹೆಂಗಸರಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು. ಕೆಲವರು ಮೊರವನ್ನೂ ಜೊತೆಗೆ ತರುತ್ತಾರೆ. ಕೈ ಬೀಡಿ ಸುತ್ತುತ್ತಿರುತ್ತದೆ, ಕಣ್ಣು ಹಲಗೆಯ ಮೇಲಿರುತ್ತದೆ.

ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ಬರೆಯಲು ಸುಲಭವಾದ ಅಕ್ಷರಗಳು. ಅರಸ, ಸರ, ಗರಗಸ ಎಂದು ಬೇಗ ಪದಗಳೂ ಆಗುತ್ತವೆ. ಆದರೆ ನಲವತ್ತು ದಾಟಿದ ಹೆಂಗಸಿಗೆ ಅರಸನಿಂದ ಆಗಬೇಕಾದ್ದೇನು? ಬ್ರೆಜಿಲಿನ ಪೌಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನ ಕೂಲಿಕಾರರಿಗೆ ಓದು ಕಲಿಸಿದಾಗ ಅವರದೇ ದುಡಿಮೆಯ, ಬದುಕಿನ ಪದಗಳಿಂದ ಶುರುಮಾಡಿದ್ದರು. ನಮ್ಮ ಪಡಸಾಲೆಯ ಮೊದಲ ಪದ ‘ಬೀಡಿ’.

‘ಬಿಡಿ’ ಎಂದು ಬರೆದು ಅದರ ಪಕ್ಕದಲ್ಲಿ ‘ಬೀಡಿ’ ಎಂದು ಬರೆದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಆಗ ಉರ್ದುವಿನಲ್ಲಿ ‘ಬೇ’ ಬರೆದು ಅದರ ಕೆಳಗೊಂದು ಜೇರ್ ಎಳೆದೆ. ಎಲ್ಲರೂ ಒಟ್ಟಿಗೆ, “ಬೇ ಜೇರ್ ಬಿ” ಎಂದರು. ಮುಂದೆ ‘ಯೇ’ ಸೇರಿಸಿದೆ. “ಬೇ ಯೇ ಜೇರ್ ಬೀ.” ಅದರ ಕೆಳಗೆ ಕನ್ನಡದಲ್ಲಿ ಬರೆದು, ಬ ಗುಡಿಸು ಬಿ, ಬ ಗುಡಿಸಿನ ದೀರ್ಘ ಬೀ ಎಂದೆ. ಹಿಂದೆ ಕೂತಿದ್ದ ಒಬ್ಬ ಖಾಲಾ, “ಅಯ್ಯೊ ಮಾ, ಯೆ ತೊ ಜೇರಿಚ್ ಹೈ ನಾ!” ಎಂದು ನಕ್ಕರು. ಇದು ಜೇರೇ ಅಲ್ಲವೇ ಎಂದು ಅವರ ಮಾತು. ಅರವತ್ತರ ಆ ಖಾಲಾ ತಮಗೇನೂ ಗೊತ್ತಿಲ್ಲ ಎಂದುಕೊಂಡು ಒಳಗೆ ಬಂದಿದ್ದರು. ಅರ್ಧ ಪಾಠ ಅವರಿಗೆ ಆಗಲೇ ಗೊತ್ತಿತ್ತು.

ಕಾಯಿದಾ ಕಲಿತವರಿಗೆ ಕನ್ನಡದ ಕಾಗುಣಿತ ಪರದೇಶವಲ್ಲ. ಜಬರ್ ಎಂದರೆ ತಲೆಕಟ್ಟು, ಜೇರ್ ಎಂದರೆ ಗುಡಿಸು, ಪೇಶ್ ಎಂದರೆ ಕೊಂಬು. ಅಕ್ಷರದ ಮೇಲೆ ತಶ್ದೀದ್ ಬಂದರೆ ಒತ್ತಿ ಓದಬೇಕೆಂದು ಅವರು ಬಾಲ್ಯದಲ್ಲೇ ಕಲಿತವರು. ಕನ್ನಡದಲ್ಲಿ ಆ ಒತ್ತು ಮೇಲಿರುವ ಬದಲು ಕೆಳಗಿದೆ, ಅಷ್ಟೆ. ಅಬ್ಬ, ಅಕ್ಕಿ, ಹಿಟ್ಟು ಒಂದೇ ಸಂಜೆಯಲ್ಲಿ ಬಂದವು. ಇನ್ನೊಂದು ಮಾತು: ಉರ್ದು ಪತ್ರಿಕೆಯಲ್ಲಿ ಸಾಮಾನ್ಯವಾಗಿ ಜೇರ್ ಜಬರ್ ಹಾಕುವುದಿಲ್ಲ. ಪದ ಮೊದಲೇ ಗೊತ್ತಿದ್ದವರು ಮಾತ್ರ ಅದನ್ನು ಸರಿಯಾಗಿ ಓದಬಲ್ಲರು. ಕನ್ನಡದಲ್ಲಿ ಸ್ವರದ ಗುರುತು ಬಿಟ್ಟುಹೋಗುವುದಿಲ್ಲ. ಈ ಲೆಕ್ಕದಲ್ಲಿ ಮುಸ್‌ಹಫ್ ಓದುವ ಕಣ್ಣಿಗೆ ಉರ್ದು ಪತ್ರಿಕೆಗಿಂತ ಕನ್ನಡವೇ ಹತ್ತಿರ.

ಕಷ್ಟಗಳೂ ಇವೆ. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕಣ್ಣನ್ನು ಎಡದಿಂದ ಬಲಕ್ಕೆ ತಿರುಗಿಸಲು ಒಂದೆರಡು ವಾರ ಬೇಕು. ಣ, ಳ ನಮ್ಮ ದಖನಿ ನಾಲಗೆಗೆ ಸುಲಭವಾಗಿ ಹೊರಳುವುದಿಲ್ಲ. ಹಾಲಿಗೂ ಹಾಳಿಗೂ ಇರುವ ಅಂತರ ಕಲಿಸುವ ದಿನ ಪಡಸಾಲೆಯ ತುಂಬ ನಗು.

ಅಕ್ಷರ ಗುರುತಿಸಿದ ಮಾತ್ರಕ್ಕೆ ಓದು ಬಂದಂತಲ್ಲ. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಇದಕ್ಕೊಂದು ಅಳತೆ ಇಟ್ಟಿತ್ತು: ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು. ವೇಗ ಯಾಕೆ ಎಂದು ಕೇಳಬಹುದು. ಅಕ್ಷರ ಅಕ್ಷರ ಕೂಡಿಸಿ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ವಾಕ್ಯದ ತಲೆ ಮರೆತುಹೋಗಿರುತ್ತದೆ, ಅದಕ್ಕೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಅಮ್ಮಿಯೂ ಸ್ಲೇಟು ಹಿಡಿದು ಹೋಗಿದ್ದರು. ಆಮೇಲೆ ಓದಲು ಮನೆಯಲ್ಲಿ ಏನೂ ಇರಲಿಲ್ಲ. ಕೊನೆಗೆ ಅವರಿಗೆ ಉಳಿದದ್ದು ಒಂದು ರುಜು.

ಈ ರುಜುವೇ ಅಪಾಯ. ಚಿತ್ರ ಬರೆದಂತೆ ಹೆಸರು ಬರೆಯಲು ಕಲಿಸಿ ಕೈತೊಳೆದುಕೊಂಡರೆ ಆ ಹೆಂಗಸು ಮೊದಲಿಗಿಂತಲೂ ಬಡವಿ. ಹೆಬ್ಬೆಟ್ಟು ಒತ್ತುವವಳಿಗೆ ಕಾಗದ ಓದಿ ಹೇಳುವ, ಸಾಕ್ಷಿ ಹಾಕಿಸುವ ರೂಢಿಯಾದರೂ ಇದೆ. ರುಜು ಹಾಕಿದವಳು ಓದಿಯೇ ಹಾಕಿದಳು ಎಂದು ಲೋಕ ತಿಳಿಯುತ್ತದೆ. ನಮ್ಮಲ್ಲಿಗೆ ಬರುವ ಒಬ್ಬಾಕೆ ಗುಂಪು ಸಾಲದ ಕಾಗದಕ್ಕೆ ಹೀಗೇ ಚಂದದ ರುಜು ಹಾಕಿದ್ದಳು. ಗುಂಪಿನ ಇನ್ನೊಬ್ಬಳು ಊರು ಬಿಟ್ಟಾಗ ಆ ಕಂತೂ ಇವಳ ತಲೆಗೇ ಬಂತು. ಕಾಗದ ಕನ್ನಡದಲ್ಲೇ ಇತ್ತು. ಕಿರುಸಾಲದ ವಿವರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಕೇಳಿದರೆ ತಿಳಿಯುವ ಭಾಷೆ ನೋಡಿದರೆ ತಿಳಿಯದಿದ್ದಾಗ ಆ ನಿಯಮ ಯಾರನ್ನು ಕಾಯಬೇಕು?

ಹಾಗೆಂದೇ ಈಗ ನಮ್ಮ ಪಾಠ ಕಾಗದಪತ್ರಗಳ ಪದಗಳತ್ತ ಹೊರಳಿದೆ. ಅಸಲು, ಬಾಕಿ, ವಸೂಲಿ, ಜಾಮೀನು, ಅರ್ಜಿ, ನಕಲು, ತಕರಾರು. ಇವೆಲ್ಲ ಅರಬಿ ಮೂಲದಿಂದ ಕನ್ನಡಕ್ಕೆ ಬಂದು ಕನ್ನಡವೇ ಆಗಿಹೋದ ಪದಗಳು. ನಮ್ಮ ಹೆಂಗಸರ ಬಾಯಲ್ಲಿ ದಿನವೂ ಓಡಾಡುವಂಥವು. ಬಾಯಲ್ಲಿದ್ದದ್ದನ್ನು ಕಣ್ಣಿಗೆ ತಂದರೆ ಆಯಿತು.

ನಮ್ಮ ಸಭೆಗಳಲ್ಲಿ ‘ಇಖ್ರಾ’ ಎಂಬ ಮೊದಲ ಆಜ್ಞೆಯನ್ನು ನೆನೆಯದ ಭಾಷಣವಿಲ್ಲ. ಹುಡುಗಿ ಕುರ್‌ಆನ್ ಖತಮ್ ಮಾಡಿದರೆ ಮಿಠಾಯಿ ಹಂಚುತ್ತೇವೆ. ಅವಳ ತಾಯಿ ಸಂಜೆ ಒಂದು ಗಂಟೆ ಕನ್ನಡ ಕಲಿಯಲು ಹೊರಟರೆ, “ಈ ವಯಸ್ಸಲ್ಲಿ ಕಲೆಕ್ಟರ್ ಆಗಬೇಕಾ?” ಎನ್ನುವ ಗಂಡಸರೂ ನಮ್ಮವರೇ. ಕಲಿಸುವುದಾದರೆ ಉರ್ದು ಕಲಿಸಿ ಎನ್ನುವ ಹಿರಿಯರಿದ್ದಾರೆ. ಕಲಿಸೋಣ, ನನಗೂ ಅದು ತಾಯಿಭಾಷೆ. ಆದರೆ ಸಾಲದ ಕಾಗದ ಉರ್ದುವಿನಲ್ಲಿ ಬರುವುದಿಲ್ಲ.

ಸಾಲದ ಪೆಟ್ಟು ತಿಂದ ಆಕೆಯ ಬಾಗಿಲಿಗೆ ಮೊನ್ನೆ ಮತ್ತೊಂದು ಗುಂಪಿನವರು ಬಂದಿದ್ದರು. ಪೆನ್ನು ಕೈಗಿಟ್ಟರಂತೆ. “ಕಾಗದ ಇಟ್ಟು ಹೋಗಿ, ಓದಿ ಹೇಳ್ತೀನಿ” ಎಂದಳಂತೆ. ಒಂದು ಹಾಳೆಗೆ ಎರಡು ರಾತ್ರಿ ಹಿಡಿಯಿತು. ‘ಜಾಮೀನುದಾರರು’ ಎಂಬಲ್ಲಿ ಬೆರಳಿಟ್ಟು ನನಗೆ ತೋರಿಸಿದಳು. ಮೂರನೆಯ ದಿನ ರುಜು ಹಾಕದೆ ಕಾಗದ ವಾಪಸು ಕೊಟ್ಟಳು.

ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ 2022ರಲ್ಲಿ ಆರಂಭವಾದ ‘ಉಲ್ಲಾಸ್’ ಕಾರ್ಯಕ್ರಮ ನಿಂತಿರುವುದೇ ಸ್ವಯಂಸೇವಕರ ಮೇಲೆ. ಮೊಹಲ್ಲಾ ಮೊಹಲ್ಲಾದಲ್ಲೂ ಮಕ್ಕಳಿಗೆ ಕಾಯಿದಾ ಓದಿಸುವ ಆಪಾಗಳಿದ್ದಾರೆ. ಅವರಲ್ಲಿ ಕನ್ನಡ ಬಲ್ಲವರು ಮಕ್ಕಳು ಎದ್ದುಹೋದ ಮೇಲೆ ಅದೇ ಚಾಪೆಯ ಮೇಲೆ ಆ ಮಕ್ಕಳ ತಾಯಂದಿರನ್ನು ಕೂರಿಸಿಕೊಳ್ಳಲಿ. ಹೊಸದಾಗಿ ಚಾಪೆ ಹಾಸುವ ಖರ್ಚೂ ಇಲ್ಲ.