ಮಾವನ ಬೋಟು, ನನ್ನ ಲಿಸ್ಟು – ಭಾಗ 2

ಹೋದ ಪೋಸ್ಟಲ್ಲಿ ಹೇಳಿದ್ನಲ್ಲ ಫ್ರೆಂಡ್ಸ್, ಗಂಗೊಳ್ಳಿಯ ಮಾವ ಬೋಟ್ ಮಾರ್ತಿದ್ದಾರೆ ಅಂತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಷ್ಟರೊಳಗೆ ಮನೆಯವರು ನಾಲ್ಕೇ ಜನ ಅದರಲ್ಲಿ ಕಾರವಾರದವರೆಗೆ ಹೋಗಿಬರೋ ಆಸೆ. ಎಲ್ಲೆಲ್ಲಿ ನಿಲ್ಲೋದು ಅಂತ ಲಿಸ್ಟ್ ಮಾಡೋ ಕೆಲಸ ನಂದು.

ವಿಜಯನಗರದ ರೂಮಲ್ಲಿ ಕೂತು ಎಕ್ಸೆಲ್ ಶೀಟ್ ಮಾಡ್ದೆ: ನೇತ್ರಾಣಿ, ಮುರುಡೇಶ್ವರ, ಓಂ ಬೀಚ್. ನೀವಾಗಿದ್ರೂ ಇದನ್ನೇ ಹಾಕ್ತಿದ್ರಿ, ಸುಳ್ಳು ಹೇಳ್ಬೇಡಿ!

ಮಾವ ಕೇಳಿದ್ದು ಒಂದೇ ಮಾತು: "ಗಾಳಿ ಎದ್ರೆ ಎಲ್ಲಿಗ್ ಹೋಪುದ್ ಮಗಾ?"

ನಾನು ಮೆಟ್ರೋ ಥರ ಯೋಚಿಸಿದ್ದೆ. ಅತ್ತಿಗುಪ್ಪೆಯಲ್ಲಿ ಇಳೀಲಿಲ್ಲ ಅಂದ್ರೆ ವಿಜಯನಗರ. ಕಡಲಲ್ಲಿ ಹಾಗಲ್ಲ. ನೇತ್ರಾಣಿಯಲ್ಲಿ ಬಂದರೇ ಇಲ್ಲ. ಓಂ ಬೀಚ್ ಚೆಂದ, ಆದ್ರೆ ರಾತ್ರಿ ಬೋಟ್ ಕಟ್ಟೋಕೆ ಪಕ್ಕದ ತದಡಿಯೇ ಬೇಕು. ಅಘನಾಶಿನಿ ನದಿಯ ಒಳಗೆ ಅಲೆ ಕಡಿಮೆ. ಹೊನ್ನಾವರದಲ್ಲಿ ಬಂದರಿದೆ, ಆದ್ರೆ ಶರಾವತಿಯ ಅಳಿವೆಯಲ್ಲಿ ಮರಳು ತುಂಬಿರತ್ತೆ. ಇಳಿತದಲ್ಲಿ ನುಗ್ಗಿದ್ರೆ ತಳ ತಾಗಬಹುದು, ಉಬ್ಬರ ಕಾಯ್ಬೇಕು.

ಈಗ ಹೊಸ ಲಿಸ್ಟ್: ಭಟ್ಕಳ, ಹೊನ್ನಾವರ, ತದಡಿ, ಕಾರವಾರ. ಪ್ರತಿ ಊರಿನ ಮುಂದೆ ಎರಡು ಕಾಲಂ. ಒಂದು, ಉಬ್ಬರದ ಟೈಮು. ಇನ್ನೊಂದು, ಒಳಗೆ ಹೋಗೋಕಾಗದಿದ್ರೆ ಏನು? ನಮ್ಮ ಅಕೌಂಟ್ಸ್‌ನ ಪ್ರಾವಿಷನ್ ಥರ, ನಷ್ಟ ಬರೋ ಮುಂಚೆನೇ ತೆಗೆದಿಡೋದು.

ಮಾವ ಓದಿ, ಎಲ್ಲಕ್ಕಿಂತ ಮೇಲೆ ಒಂದು ಸಾಲು ಬರೆಸಿದ್ರು: "ಅಲೆ ಎಚ್ಚರಿಕೆ ಬಂದ್ರೆ ಗಂಗೊಳ್ಳಿ."

ಅಂದ್ರೆ ಹೊರಡೋದೇ ಇಲ್ಲ. ಕೊನೇ ಸಲ ಆದ್ರೂ.