ಮೊಹರಿನ ಸಾಕ್ಷಿ

ಲಕೋಟೆಯ ಮೇಲಿನ ಬರಹದಲ್ಲಿ ಎರಡು ಬಗೆಯುಂಟು. ಕಳುಹಿಸುವವನು ಬರೆಯುವ ವಿಳಾಸ ಒಂದು. ಅಂಚೆ ಕಚೇರಿಗಳು ಒತ್ತುವ ಮೊಹರು ಇನ್ನೊಂದು. ಮೊದಲನೆಯದು ಅಪೇಕ್ಷೆ, ಎರಡನೆಯದು ಸಾಕ್ಷಿ. ಗಣಕಯಂತ್ರಗಳು ಓಲೆ ಸಾಗಿಸತೊಡಗಿದಾಗ ಅವೂ ಇವೆರಡನ್ನೂ ಕಲಿಯಬೇಕಾಯಿತು.

ಪುಣೆಯ ಬಂಧುವಿಗೆ ಕಾಗದ ಬರೆಯುವ ಖಾನಾಪುರದ ರೈತನು ಟಪಾಲಿನ ಮಾರ್ಗವನ್ನು ತಿಳಿದಿರಬೇಕಾದುದಿಲ್ಲ. ಹೆಸರು, ಊರು ಬರೆದರಾಯಿತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದ ಮೇಲೆ ಆರು ಅಂಕಿಗಳೂ ಸೇರಿದವು. ಬೆಳಗಾವಿಯ 590001 ಹಾಗೂ ಖಾನಾಪುರದ 591302 ಇವುಗಳಲ್ಲಿ ಮೊದಲ ಅಂಕಿ ವಲಯವನ್ನೂ, ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. ಎಲ್ಲಿಗೆ ಎಂಬುದು ಬರೆದವನ ಮಾತು. ಹೇಗೆ ಎಂಬುದು ಅಂಚೆಯವರ ಹೊಣೆ.

ಆರಂಭದ ಗಣಕಜಾಲಗಳಲ್ಲಿ ಒಂದಾದ ಯೂಯೂಸಿಪಿಯಲ್ಲಿ ಈ ಸೌಲಭ್ಯವಿರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಒಂದು ಯಂತ್ರವು ನೆರೆಯ ಯಂತ್ರಕ್ಕೆ ದೂರವಾಣಿಯ ಮೂಲಕ, ಅನೇಕ ವೇಳೆ ದರ ಕಡಿಮೆಯಿರುವ ರಾತ್ರಿಯಲ್ಲಿ, ಓಲೆಗಳನ್ನು ದಾಟಿಸುತ್ತಿತ್ತು. ನಡುವಣ ಯಂತ್ರಗಳ ಹೆಸರುಗಳನ್ನೆಲ್ಲ ಕಳುಹಿಸುವವನೇ ಕ್ರಮವಾಗಿ, ಆಶ್ಚರ್ಯಸೂಚಕ ಚಿಹ್ನೆಯಿಂದ ಬೇರ್ಪಡಿಸಿ ಬರೆಯಬೇಕಿತ್ತು. ಆ ರೀತಿಯಲ್ಲಿ ಬರೆದರೆ ಖಾನಾಪುರದ ರೈತನ ಲಕೋಟೆಯ ಮೇಲೆ ‘ಬೆಳಗಾವಿ!ಮೀರಜ!ಪುಣೆ!ಬಂಧು’ ಎಂದಿರುತ್ತಿತ್ತು. ಮೀರಜದ ಯಂತ್ರ ಕೆಟ್ಟರೆ ಬೇರೆ ದಾರಿಯಿದ್ದರೂ ಓಲೆ ಅಲ್ಲಿಯೇ ತಡೆಯುತ್ತಿತ್ತು. ಒಬ್ಬನೇ ವ್ಯಕ್ತಿಗೆ ಊರೂರಿನಿಂದ ಬೇರೆ ಬೇರೆ ವಿಳಾಸ! ದಾರಿ ತಿಳಿದವನಿಗೆ ಮಾತ್ರ ಓಲೆ ಬರೆಯುವ ಭಾಗ್ಯ.

ಭಾರತದಲ್ಲಿ 1986ರಲ್ಲಿ ಎರ್ನೆಟ್ ಯೋಜನೆ ಆರಂಭವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲ್ಗೊಂಡಿತು. ಮೊದಲ ವರ್ಷಗಳಲ್ಲಿ ಇಲ್ಲಿಯೂ ಯೂಯೂಸಿಪಿಯೇ ಆಸರೆ. ಅಷ್ಟರಲ್ಲಿ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದ ಹೆಸರಿನ ವ್ಯವಸ್ಥೆಯು ಜಗತ್ತಿನಲ್ಲಿ ಕ್ರಮೇಣ ಹರಡಿತು. ದಾರಿ ಹುಡುಕುವ ಭಾರ ಬರೆಯುವವನ ಹೆಗಲಿನಿಂದ ಇಳಿದು ಯಂತ್ರಗಳ ಮೇಲೆ ಬಿತ್ತು. 1995ರ ಆಗಸ್ಟ್ 15ರಂದು ಅಂತರಜಾಲವು ದೇಶದ ಸಾರ್ವಜನಿಕರಿಗೆ ತೆರೆದಾಗ ಮಾರ್ಗವನ್ನು ಕಂಠಪಾಠ ಮಾಡುವ ಅಗತ್ಯ ಯಾರಿಗೂ ಉಳಿದಿರಲಿಲ್ಲ.

ಆದರೆ ಮೊಹರು ಉಳಿಯಿತು. 1982ರಲ್ಲಿ ಪ್ರಕಟವಾದ ನಿಯಮಾವಳಿಯಂತೆ ಓಲೆಯನ್ನು ಸ್ವೀಕರಿಸುವ ಪ್ರತಿಯೊಂದು ಯಂತ್ರವೂ ಅದರ ಶಿರೋಭಾಗದಲ್ಲಿ, ಯಾರಿಂದ, ಯಾವ ಹೊತ್ತಿನಲ್ಲಿ ಪಡೆದೆನೆಂಬ ಸಾಲೊಂದನ್ನು ಬರೆಯುತ್ತದೆ. ಹೊಸ ಸಾಲು ಹಳೆಯದರ ಮೇಲೆ ಬರುವುದರಿಂದ ಪಯಣದ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕಳುಹಿಸಿದವನ ಹೆಸರನ್ನು ಯಾರೂ ಸುಳ್ಳಾಗಿ ಬರೆಯಬಹುದು. ಕೆಳಗಿನ ಸಾಲುಗಳನ್ನೂ ಕಲ್ಪಿಸಬಹುದು. ಆದರೆ ಪಡೆಯುವವನ ಸ್ವಂತ ಯಂತ್ರ ಬರೆದ ಮೇಲಿನ ಸಾಲು ಮೋಸಗಾರನ ಕೈಗೆ ಸುಲಭವಾಗಿ ಎಟುಕದು.

ಈ ಸಾಲುಗಳ ಬೆಲೆ ಸಾಮಾನ್ಯ ದಿನಗಳಲ್ಲಿ ಕಾಣದು. ಸಂದರ್ಶನ ಮುಗಿದ ಮರುದಿನ ಕರೆಯೋಲೆ ಕೈಸೇರಿದ ಬಡ ತರುಣನಿಗೆ ಅದು ತಿಳಿಯುತ್ತದೆ. ಕರೆದವರೇ ತಡವಾಗಿ ಹೊರಡಿಸಿದರೇ, ದಾರಿಯಲ್ಲಿ ನಿಂತಿತೇ? ಹಿಂದೆ ಅವನು ಕಾರ್ಡಿನ ಮೇಲಿನ ಎರಡು ಮೊಹರುಗಳ ತಾರೀಖನ್ನು ತೋರಿಸಿ ನ್ಯಾಯ ಕೇಳಬಹುದಿತ್ತು. ಇಂದು ಶಿರೋಭಾಗದ ಸಾಲುಗಳು ಅವನ ಪರವಾಗಿ ನುಡಿಯುತ್ತವೆ. ಶಿಫಾರಸಿಲ್ಲದವನಿಗೆ ದಾಖಲೆಯೇ ಆಸರೆ. ಮಸಿಯಿಲ್ಲದ ಮೊಹರೂ ಹೊತ್ತು ತಪ್ಪಿದ ಗಡಿಯಾರವೂ ಆ ಆಸರೆಯನ್ನು ಕಸಿಯುತ್ತವೆ.

ವಿದ್ಯೆಯೂ ಕೈಯಿಂದ ಕೈಗೆ ಸಾಗುವ ಓಲೆಯೇ. ಒಳಗಿನ ಬರಹವನ್ನು ತಿದ್ದದೆ, ಪಡೆದ ಹೊತ್ತನ್ನು ಮರೆಮಾಚದೆ, ಮುಂದಿನವನಿಗೆ ಒಪ್ಪಿಸುವವನೇ ನಿಜವಾದ ವಾಹಕ.