ಮಳೆಯಲ್ಲಿ ಬೆರಳುಗಳು

ದೇವರಮನೆಯ ಗುಡ್ಡವನ್ನು ನೀವು ಬೇಸಿಗೆಯಲ್ಲಿ ಮಾತ್ರ ಕಂಡಿದ್ದರೆ ಅರ್ಧವನ್ನಷ್ಟೇ ಕಂಡಿದ್ದೀರಿ. ಜುಲೈ ತಿಂಗಳಲ್ಲಿ ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಕಾಲಭೈರವೇಶ್ವರನ ಗುಡಿ ಮಂಜಿನಲ್ಲಿ ಕರಗಿಹೋಗಿ, ದಾರಿ ಬೈಕಿನ ಮುಂದೆ ನಾಲ್ಕು ಮಾರು ಉಳಿದಿರುತ್ತದೆ. ಮೂರು ವರ್ಷಗಳ ಹಿಂದೆ ಅಂಥದೊಂದು ಸಂಜೆ ನಾನು ಮತ್ತು ನನ್ನ ಹೆಂಡತಿ ಆ ದಾರಿಯಲ್ಲಿ ಮೂಡಿಗೆರೆಯ ಕಡೆಗೆ ಇಳಿಯುತ್ತಿದ್ದೆವು.

ನನ್ನ ಕೈಯಲ್ಲಿ ಉಣ್ಣೆಯ ಕೈಗವಸುಗಳಿದ್ದವು. ಉಣ್ಣೆ ಬೆಚ್ಚಗಿಡುತ್ತದೆ ಎಂಬ ಹಳೆಯ ನಂಬಿಕೆ. ಒದ್ದೆಯಾದ ಬಟ್ಟೆಗೆ ಗಾಳಿ ಬಡಿದಾಗ ನೀರು ಆವಿಯಾಗುತ್ತಾ ಕೈಯ ಶಾಖವನ್ನೇ ಹೊತ್ತೊಯ್ಯುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಓದಿದ್ದೆ, ಮರೆತಿದ್ದೆ. ಚರ್ಮದ ತಾಪ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದರೆ ಬೆರಳುಗಳ ಚಳಕ ಕುಗ್ಗುತ್ತದೆ. ತಿರುವಿನಲ್ಲಿ ಒಂದು ಕರು ನಿಂತಿತ್ತು. ಬ್ರೇಕ್ ಹಿಡಿಯಬೇಕೆಂದು ಮನಸ್ಸು ಹೇಳಿತು. ಬೆರಳುಗಳಿಗೆ ಅದು ತಡವಾಗಿ ತಲುಪಿತು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್, ಲೆಕ್ಕ ಹಾಕಿ ನೋಡಿ. ಕೊನೆಗೆ ಬ್ರೇಕ್ ಸಿಕ್ಕಾಗ ಎಷ್ಟು ಒತ್ತುತ್ತಿದ್ದೇನೆಂಬುದೇ ತಿಳಿಯಲಿಲ್ಲ. ಮುಂದಿನ ಚಕ್ರ ಕಚ್ಚಿಕೊಂಡು ಜಾರಿತು. 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನನ್ನದು ಅದಕ್ಕೂ ಹಳೆಯದು. ಹದವರಿತು ಒತ್ತುವ ಹೊಣೆಯೆಲ್ಲ ಬಲಗೈಯ ಎರಡು ಬೆರಳುಗಳದ್ದೇ.

ಕರುವಿಗೆ ಏನೂ ಆಗಲಿಲ್ಲ. ನನಗೂ ಏನೂ ಆಗಲಿಲ್ಲ. ಚರಂಡಿಯ ಅಂಚಿಗೆ ಕೈಯೂರಿ ಬಿದ್ದ ಅವಳ ಎಡಗೈಯ ಮಣಿಕಟ್ಟು ಮುರಿಯಿತು.

ಆಮೇಲೆ ಕೈಗವಸು ಹುಡುಕಲು ಹೊರಟವನಿಗೆ ಮೊದಲು ಹೊಳೆದದ್ದು ತೋಟದ ಉಪಾಯ. ಮಳೆಗಾಲಕ್ಕೆ ಮುಂಚೆ ಬೋರ್ಡೊ ದ್ರಾವಣ ಸಿಂಪಡಿಸುವಾಗ ಹಾಕಿಕೊಳ್ಳುವ ರಬ್ಬರ್ ಕೈಗವಸು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಅದರೊಳಗೆ ಹೊರಗಿನ ಒಂದು ಹನಿಯೂ ಬರುವುದಿಲ್ಲ, ನಿಜ. ಆದರೆ ಒಳಗಿನ ಬೆವರೂ ಹೋಗುವುದಿಲ್ಲ. ಅರ್ಧ ಗಂಟೆಯಲ್ಲಿ ಕೈ ತನ್ನ ನೀರಿನಲ್ಲೇ ನೆನೆದಿರುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಉಸಿರಾಡುವ ಪೊರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಥಟ್ಟನೆ ಎಳೆದಾಗ ಅದು ಕಣ್ಣಿಗೆ ಕಾಣದ ರಂಧ್ರಗಳ ಹಾಳೆಯಾಯಿತು. ಗೋರ್-ಟೆಕ್ಸ್ ಹುಟ್ಟಿದ್ದು ಹಾಗೆ. ಆವಿ ಹೊರಗೆ ಹೋಗುತ್ತದೆ, ಹನಿ ಒಳಗೆ ನುಗ್ಗುವುದಿಲ್ಲ. ಈಗ ಅಂಥ ಪೊರೆಗಳು ಬೇರೆ ಬೇರೆ ಹೆಸರಿನಲ್ಲಿ, ಕಡಿಮೆ ಬೆಲೆಗೂ ಸಿಗುತ್ತವೆ.

ಆದರೆ ಪೊರೆ ಇರುವುದು ನಡುವೆ, ಹೊರಗಿನ ತೊಗಲಿಗೂ ಒಳಗಿನ ಬಟ್ಟೆಗೂ ಮಧ್ಯೆ. ಹೀಗಾಗಿ ಹೊರಮೈ ನೀರು ಕುಡಿದು ಭಾರವಾಗುವುದುಂಟು. ಅದನ್ನೇ ಸೋರಿಕೆಯೆಂದು ತಿಳಿದು ಅಂಗಡಿಯವರೊಡನೆ ಜಗಳವಾಡಬೇಡಿ. ಪದರಗಳು ಒಂದಕ್ಕೊಂದು ಅಂಟಿವೆಯೇ ಎಂಬುದನ್ನು ಮಾತ್ರ ಕೈ ಹಾಕಿ, ಎಳೆದು ನೋಡಿ. ಅಂಟದಿದ್ದರೆ ಒದ್ದೆ ಕೈ ತೆಗೆಯುವಾಗ ಒಳಬಟ್ಟೆಯೂ ಬೆರಳ ಜೊತೆಗೇ ಹೊರಬರುತ್ತದೆ, ಮತ್ತೆ ಒಳಗೆ ಸೇರುವುದಿಲ್ಲ. ಸಡಿಲ ಪದರ ಸುಕ್ಕುಗಟ್ಟಿ ಬ್ರೇಕಿಗೂ ಬೆರಳಿಗೂ ನಡುವೆ ಕೂರುತ್ತದೆ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆ ತೆಗೆದುಕೊಂಡೇ ಹೋಗಿ. ಬಿಗಿಯಾದದ್ದು ರಕ್ತವನ್ನು ತಡೆದು ಇನ್ನಷ್ಟು ಚಳಿ ಹಿಡಿಸುತ್ತದೆ. ಇನ್ನು ಹಾಕಿಕೊಳ್ಳುವ ಕ್ರಮ: ನಮ್ಮ ಸಾಮಾನ್ಯ ಬೈಕುಗಳಲ್ಲಿ ಕೈ ಭುಜಕ್ಕಿಂತ ಕೆಳಗಿರುವುದರಿಂದ ರೇನ್‌ಕೋಟಿನ ಮೇಲಿನ ನೀರು ಮಣಿಕಟ್ಟಿಗೆ ಇಳಿದು ಬರುತ್ತದೆ. ಕೈಗವಸಿನ ಬಾಯಿ ಕೋಟಿನ ತೋಳಿನೊಳಗೆ ಇರಬೇಕು. ಹೊರಗಿಟ್ಟರೆ ಅದೊಂದು ಆಲಿಕೆಯೇ ಸರಿ. ಮನೆಗೆ ಬಂದ ಮೇಲೆ ಬಚ್ಚಲೊಲೆಯ ಮೇಲೆ ಒಣಗಿಸಿದರೆ ತೊಗಲು ಸೆಟೆದುಕೊಳ್ಳುತ್ತದೆ. ಒಳಗೆ ಕಾಗದ ತುರುಕಿ ಗಾಳಿಗೆ ತೂಗುಹಾಕಿ. (ದಿನಪತ್ರಿಕೆಯ ಕಾಗದ, ಈ ಪತ್ರಿಕೆಯದಲ್ಲ.)

ಇಷ್ಟೆಲ್ಲ ತಿಳಿದುಕೊಂಡು ಚಿಕ್ಕಮಗಳೂರಿನ ಅಂಗಡಿಯಲ್ಲಿ ಅತ್ಯಂತ ದಪ್ಪನೆಯ, ಅತ್ಯಂತ ದುಬಾರಿಯ ಜೋಡಿಯೊಂದನ್ನು ನಾನು ಹೆಚ್ಚುಕಡಿಮೆ ಕೊಂಡೇಬಿಟ್ಟಿದ್ದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಅವಳೂ ಬಂದಿದ್ದಳು. ಬಲಗೈಯಿಂದ ಚೀಲದೊಳಗೆ ತಡಕಿ ಹತ್ತು ಕಾಫಿ ಬೀಜಗಳನ್ನು ಗಾಜಿನ ಮೇಜಿನ ಮೇಲೆ ಸುರಿದಳು. “ಹಾಕಿಕೊಂಡೇ ಹೆಕ್ಕಿ” ಎಂದಳು. ಅಂಗಡಿಯವರು ನಕ್ಕರು. ನಾನು ಹೆಕ್ಕಲು ಹೋದೆ, ಮೂರು ಬಂದವು. ಒಳಗೆ ಕೈ ಬೆಚ್ಚಗೆ, ಒಣಗಿ, ಸುಖವಾಗಿತ್ತು, ಆದರೆ ಬೀಜ ಎಲ್ಲಿದೆಯೆಂದು ಅದಕ್ಕೆ ಗೊತ್ತಿರಲಿಲ್ಲ. ಆ ಸಂಜೆ ತಿರುವಿನಲ್ಲಿ ನನ್ನ ಬೆರಳುಗಳಿಗೆ ಆಗಿದ್ದೂ ಅದೇ.

ಅದನ್ನು ತೆಗೆದಿಟ್ಟೆವು. ನಾಲ್ಕನೆಯ ಜೋಡಿ ಅಂಗೈಯ ಕಡೆ ತೆಳುವಾಗಿಯೂ ಬೆನ್ನಿನ ಕಡೆ ದಪ್ಪವಾಗಿಯೂ ಇತ್ತು. ಎರಡು ಗಂಟೆಯ ಜಡಿಮಳೆಗೆ ಬಹುಶಃ ಸ್ವಲ್ಪ ಸೋಲಬಹುದೆಂದು ಅಂಗಡಿಯವರೇ ಪ್ರಾಮಾಣಿಕವಾಗಿ ಹೇಳಿದರು. ಎಂಟು ಬೀಜಗಳು ಬಂದವು. ಎರಡು ಉರುಳಿ ನೆಲಕ್ಕೆ ಬಿದ್ದವು. ಅವರೇ ಬಗ್ಗಿ ಹುಡುಕಿಕೊಟ್ಟರು. ಅವಳು ಎಣಿಸಿ ಹತ್ತನ್ನೂ ಚೀಲಕ್ಕೆ ಹಾಕಿಕೊಂಡು, “ಇದೇ ಇರಲಿ” ಎಂದಳು.

ಪ್ಲಾಸ್ಟರ್ ಬಿಚ್ಚಿದಾಗಲೂ ಮಳೆ ಬಿಟ್ಟಿರಲಿಲ್ಲ. ಮೊದಲ ಸಲ ಮತ್ತೆ ಬೈಕು ಹತ್ತುವ ಮುನ್ನ ಅವಳು ಏನೂ ಹೇಳಲಿಲ್ಲ. ನನ್ನ ಬಲಗೈಯನ್ನು ಹಿಡಿದು, ಕೈಗವಸಿನ ಬಾಯಿ ಕೋಟಿನ ತೋಳಿನೊಳಗೆ ಸರಿಯಾಗಿ ಸೇರಿದೆಯೇ ಎಂದು ನೋಡಿ, ಹಿಂದೆ ಕುಳಿತಳು.